ಮಾವನವರ ಪೆಟ್ಟಿಗೆ

ನನ್ನ ಸೋದರಮಾವನವರು ಕಾಲವಾಗಿ ಹತ್ತು ವರ್ಷಗಳು ಸಂದುವು. ಅವರು ಬಿಟ್ಟುಹೋದ ಸೊತ್ತುಗಳಲ್ಲಿ ಎಲ್ಲರೂ ಉಪೇಕ್ಷಿಸಿದುದು ಕದ್ರಿಯ ಮನೆಯ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರನ್ನು. ನಿವೃತ್ತಿಯ ಬಳಿಕ ಅವರು ಕುಟುಂಬದ ಗದ್ದೆಗಳ ಹೆಸರುಗಳನ್ನೂ, ತಗ್ಗಿನ ಬೈಲು, ನಡುವಣ ಮಜಲು, ಎತ್ತರದ ಬೆಟ್ಟು ಎಂಬ ಅವುಗಳ ತರಗತಿಯನ್ನೂ, ಒಂದೊಂದರ ಕಥೆಯನ್ನೂ ಅದರಲ್ಲಿ ಬರೆದಿಟ್ಟಿದ್ದರು. ಆ ಗದ್ದೆಗಳಲ್ಲಿ ಕೆಲವು 1974ರ ಭೂಸುಧಾರಣೆಯಲ್ಲಿ ಗೇಣಿದಾರರ ಪಾಲಾದುವು, ಮಿಕ್ಕವು ಮಾರಿಹೋದುವು. ಹೆಸರುಗಳು ಉಳಿದಿದ್ದರೆ ಆ ಪೆಟ್ಟಿಗೆಯೊಳಗೇ ಉಳಿದಿರಬೇಕು. ಎಂಬತ್ತು ದಾಟಿದ ಅತ್ತೆಯವರು ಕಳೆದ ಮಳೆಗಾಲದಲ್ಲಿ ನನ್ನನ್ನು ಕರೆದು, “ಮಗಾ, ಅವರು ಬರೆದದ್ದನ್ನು ಒಮ್ಮೆ ಓದಿ ಹೇಳುತ್ತೀಯಾ? ನನಗೆ ಇನ್ನು ಎಷ್ಟು ದಿನವೋ” ಎಂದರು. ನಾನು ಒಪ್ಪಿದೆನು.

ಒಪ್ಪುವುದೇನೋ ಸುಲಭ. ಯಂತ್ರಕ್ಕೆ ವಿದ್ಯುತ್ತು ಕೊಟ್ಟೊಡನೆ, ಹಾರ್ಡ್ ಡಿಸ್ಕೇ ಇಲ್ಲವೆಂಬ ಸೂಚನೆ ಪರದೆಯ ಮೇಲೆ ಮೂಡಿತು. ಪೇಟೆಯ ರಿಪೇರಿಗಾರನೊಬ್ಬನು ನೋಡಿ, “ಇದು ಸತ್ತುಹೋಗಿದೆ, ಗುಜರಿಗೆ ಹಾಕಿ” ಎಂದು ತೀರ್ಪು ಕೊಟ್ಟನು. ಆದರೆ ಕಿವಿಗೊಟ್ಟು ಕೇಳಿದರೆ ಒಳಗೆ ತಟ್ಟೆ ತಿರುಗುವ ಸದ್ದು ಕೇಳಿಸುತ್ತಿತ್ತು. ಉಸಿರಾಡುವವನನ್ನು ಸತ್ತನೆಂದು ಒಪ್ಪಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಮದರ್‌ಬೋರ್ಡಿನ ಮೇಲಣ, ಗುಂಡಿಯಾಕಾರದ ಸೆಲ್ಲನ್ನು ನೋಡಿದೆನು. 3 ವೋಲ್ಟಿನ ಈ ಸೆಲ್ಲು ಬತ್ತಿದರೆ ಯಂತ್ರವು ತಾರೀಕನ್ನೂ, ತನಗೆ ಜೋಡಿಸಿದ ಡಿಸ್ಕಿನ ಲೆಕ್ಕವನ್ನೂ ಮರೆಯುವುದುಂಟು. ಹೊಸದನ್ನು ಹಾಕಿದೆನು, ತಾರೀಕು ನಿಂತಿತು, ಡಿಸ್ಕು ಕಾಣಲಿಲ್ಲ. ಬಳಿಕ ಚಪ್ಪಟೆಯಾದ ಕೇಬಲನ್ನು ಕಳಚಿದೆನು. ಆ ಕಾಲದ ಐಡಿಇ ಡಿಸ್ಕಿನ ಹಿಂಬದಿಯಲ್ಲಿ 40 ಪಿನ್ನುಗಳ ಸ್ಥಾನವಿದೆ. ಕೇಬಲಿನ ಬಣ್ಣದ ಅಂಚು ಒಂದನೆಯ ಪಿನ್ನಿನ ಕಡೆಗೇ ಇರಬೇಕು. ನಮ್ಮೂರಿನ ಉಪ್ಪುಗಾಳಿಯೂ ಆಟಿ ತಿಂಗಳ ತೇವವೂ ಬಾಗಿಲ ಬೀಗವನ್ನೇ ಬಿಡುವುದಿಲ್ಲ, ಪಿನ್ನುಗಳನ್ನು ಬಿಟ್ಟಾವೆ? ಮಂಕಾಗಿದ್ದ ಅವನ್ನು ಮೆಲ್ಲನೆ ಶುಚಿಮಾಡಿ ಬೇರೆ ಕೇಬಲನ್ನು ತೊಡಿಸಿದೆನು. ಆಗಲೂ ಅದೇ ಉತ್ತರ.

ಕೊನೆಗೆ ತಪ್ಪು ನನ್ನ ಕೈಯದೇ ಎಂದು ತಿಳಿಯಿತು. ಮೊದಲ ದಿನವೇ ನಾನು, ಬರಹವನ್ನು ಸಿ.ಡಿ.ಗೆ ಇಳಿಸಿಕೊಳ್ಳುವ ಆತುರದಿಂದ, ಅದೇ ಕೇಬಲಿಗೆ ಸಿ.ಡಿ. ಬರೆಯುವ ಉಪಕರಣವೊಂದನ್ನು ತಗುಲಿಸಿದ್ದೆನು. ರಿಪೇರಿಗಾರನ ಬಳಿಗೂ ಹಾಗೆಯೇ ಒಯ್ದಿದ್ದೆನು. ಒಂದು ಕೇಬಲಿನಲ್ಲಿ ಎರಡಿದ್ದರೆ ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಆಗಿರಬೇಕು. ಜಂಪರ್ ಎಂಬ ಪುಟ್ಟ ತುಣುಕು ಅದನ್ನು ನಿರ್ಣಯಿಸುತ್ತದೆ. ಇಲ್ಲಿ ಎರಡೂ ಮಾಸ್ಟರುಗಳೇ! ಅಳಿಯಸಂತಾನದ ಮನೆಯಲ್ಲಿ ಇಬ್ಬರು ಯಜಮಾನರೆದ್ದು ನಿಂತರೆ ಆಳು ಯಾರ ಮಾತನ್ನು ಕೇಳಿಯಾನು? ನಾನು ತಗುಲಿಸಿದ್ದನ್ನು ಬಿಡಿಸಿದೊಡನೆ ಡಿಸ್ಕಿನ ಹೆಸರು ಪರದೆಯ ಮೇಲೆ ಮೂಡಿತು.

ಮುದಿ ಡಿಸ್ಕನ್ನು ಎರಡು ಸಲ ನಂಬಬಾರದು. ಆದಕಾರಣ ಬೇರೊಂದು ಡಿಸ್ಕನ್ನು ಸ್ಲೇವ್ ಮಾಡಿ ಜೋಡಿಸಿ, ಎಲ್ಲವನ್ನೂ ಅದಕ್ಕೆ ಇಳಿಸಿಕೊಂಡೆನು. ನನ್ನ ಹೊಸ ಯಂತ್ರದಲ್ಲಿ ತೆರೆದರೆ ಕಂಡುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮಾವನವರು ಬಳಸಿದುದು ಯುನಿಕೋಡ್ ರೂಢಿಗೆ ಬರುವ ಮೊದಲಿನ ‘ನುಡಿ’ಯ ಅಕ್ಷರಗಳನ್ನು. ಪರಿವರ್ತಕವೊಂದರಿಂದ ಅವನ್ನು ಮಾರ್ಪಡಿಸಿದ ಮೇಲೆಯೇ ಮಾವನವರ ಕನ್ನಡ ಕಣ್ಣಿಗೆ ಬಿದ್ದಿತು. 1843ರಲ್ಲಿ ಮೋಗ್ಲಿಂಗರು ಇದೇ ಊರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ಕ್ಕೆ ಓದುವ ಕಣ್ಣೊಂದಿದ್ದರೆ ಸಾಕು. ನಿನ್ನೆ ಮೊನ್ನೆಯ ಈ ಬರಹಕ್ಕೆ ಸೆಲ್ಲು, ಕೇಬಲು, ಜಂಪರು, ಲಿಪಿ, ಇಷ್ಟೂ ಕೂಡಿಬರಬೇಕಾಯಿತು. ಆದುದರಿಂದ ಅದನ್ನು ಕಾಗದದ ಮೇಲೆ ಮುದ್ರಿಸಿದೆನು.

ಸಂಜೆ ಜಗಲಿಯಲ್ಲಿ ಕುಳಿತು ಅತ್ತೆಯವರಿಗೆ ಓದಿದೆನು. ಕಣ್ಣುಮುಚ್ಚಿ ಕೇಳುತ್ತಿದ್ದ ಅವರು ಒಂದು ಗದ್ದೆಯ ಹೆಸರು ಬಂದಾಗ ಕೈಯೆತ್ತಿ ತಡೆದರು: “ಅದು ಮಜಲಲ್ಲ ಮಗಾ, ಬೆಟ್ಟು. ಅವರಿಗೆ ಯಾವಾಗಲೂ ಅದೊಂದು ತಪ್ಪುತ್ತಿತ್ತು.” ನಾನು ಪೆನ್ಸಿಲು ತೆಗೆದು ಕಾಗದದ ಅಂಚಿನಲ್ಲಿ ತಿದ್ದಿಕೊಂಡೆನು.