ಕೈಗುಣ

ಚಿತ್ರದುರ್ಗದ ಕಡೆ ವೈದ್ಯರನ್ನು ಕುರಿತು ಮಾತು ಬಂದರೆ ಮೊದಲು ಕೇಳಿಬರುವುದು ಪದವಿಯಲ್ಲ, ಕೈಗುಣ. ‘ಅವರ ಕೈಗುಣ ಒಳ್ಳೆಯದು’ ಎಂದು ಬಲ್ಲವರೊಬ್ಬರು ಹೇಳಿದರೆ ಸಾಕು, ಹೊಳಲ್ಕೆರೆಯಿಂದಲೂ ಹೊಸದುರ್ಗದಿಂದಲೂ ಬೆಳಗಿನ ಬಸ್ಸಿಗೇ ಜನ ಹೊರಟುಬರುತ್ತಾರೆ. ಈ ಕೈಗುಣ ಇರುವುದೆಲ್ಲಿ? ಕೆಲವರ ಮಟ್ಟಿಗೆ ಅದು ಸೂಜಿಯಲ್ಲಿದೆ. ಸೂಜಿ ಚುಚ್ಚದೆ ನಾಲ್ಕು ಮಾತ್ರೆ ಬರೆದುಕೊಟ್ಟು ಕಳುಹಿಸುವ ಡಾಕ್ಟರ ಮೇಲೆ ಅವರಿಗೆ ಒಳಗೊಳಗೇ ಅನುಮಾನ. ಕೊಟ್ಟ ದುಡ್ಡಿಗೆ ಅಷ್ಟು ನೋವಾದರೂ ಆಗಬೇಡವೆ!

ಹಿಂದಿನವರಿಗೆ ಅದು ಸೀಸೆಯಲ್ಲಿತ್ತು. ಮನೆಯಿಂದ ತೊಳೆದು ತಂದ ಸೀಸೆಗೆ ಕಾಂಪೌಂಡರು ಔಷಧ ತುಂಬಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ, ಹೊತ್ತಿಗೊಂದು ಗೆರೆ ಎಂದು ಹೇಳಿ ಕೊಡುತ್ತಿದ್ದ ಕಾಲ ಅದು. 1907ರಲ್ಲಿ ಮಾರಿಕಣಿವೆಯ ಅಣೆಕಟ್ಟು ಮುಗಿದು ವೇದಾವತಿಯ ನೀರು ಕಾಲುವೆಗಳಿಗೆ ಬಂದಾಗ ಹಿರಿಯೂರಿನ ಗದ್ದೆಗಳಿಗೆ ಬೆಳೆಯೊಡನೆ ಸೊಳ್ಳೆಯೂ ಬಂತು, ಚಳಿಜ್ವರವೂ ಬಂತು. ಕ್ವಿನೈನಿನ ಕಹಿಯನ್ನು ನೆನೆದರೆ ಮುಖ ಕಿವಿಚುವ ಹಿರಿಯರು ಬಹುಕಾಲ ಇದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಆ ಕಹಿ ಮೆಲ್ಲಗೆ ಮರೆಯಾಯಿತು.

ಈಗಿನ ತೊಂದರೆಯೂ ನೀರಿನದೇ. ಆದರೆ ಅದು ಕಾಲುವೆಯದಲ್ಲ, ಕೊಳವೆಬಾವಿಯದು.

ಹಿರಿಯೂರು ತಾಲ್ಲೂಕಿನ ನಿವೃತ್ತ ಉಪಾಧ್ಯಾಯರೊಬ್ಬರ ಹೆಂಡತಿಗೆ ಬೆನ್ನು ಬಗ್ಗದು, ಕತ್ತು ಹೊರಳದು. ಮಂಡಿಯ ನೋವಂತೂ ಹಳೆಯ ನೆಂಟ. ಆರೇಳು ವರ್ಷ ಸೂಜಿಗಳಾದವು, ತೈಲಗಳಾದವು, ದೇವರಿಗೆ ಹರಕೆಗಳೂ ಆದವು. ಚಿತ್ರಗಳನ್ನು ತೆಗೆಸಿ ಕಂತೆ ಕಟ್ಟಿಟ್ಟದ್ದಾಯಿತು. ಪ್ರತಿಯೊಂದು ಕಡೆಯೂ ಎರಡು ನಿಮಿಷದ ಭೇಟಿ, ‘ವಯಸ್ಸಾಯಿತಲ್ಲ ಅಮ್ಮ’ ಎಂಬ ಸಮಾಧಾನ. ಐವತ್ತೆರಡು ಅಂಥ ವಯಸ್ಸೇ?

ಕಡೆಗೆ ದುರ್ಗದ ಒಂದು ಸಣ್ಣ ಷಾಪಿನಲ್ಲಿ ಎರಡು ಗಂಟೆ ಬೆಂಚಿನ ಮೇಲೆ ಕಾದರು. ಡಾಕ್ಟರು ಕಂತೆಯನ್ನು ಬಿಚ್ಚುವ ಮೊದಲೇ ಕೇಳಿದರು:

“ಅಮ್ಮಾ, ಮನೆಗೆ ಯಾವ ನೀರು ತರ್ತೀರಿ?”

“ಬೋರಿಂದು ಡಾಕ್ಟ್ರೆ. ಚೆನ್ನಾಗಿ ಕಾಯಿಸಿಯೇ ಕುಡೀತೀವಿ.”

“ಕಾಯಿಸಿದರೆ ಕ್ರಿಮಿ ಸಾಯ್ತದೆ. ಫ್ಲೋರೈಡ್ ಸಾಯೋದಲ್ಲ ತಾಯಿ, ನೀರು ಬತ್ತಿದಷ್ಟೂ ಗಟ್ಟಿಯಾಗ್ತದೆ.”

ಈ ಜಿಲ್ಲೆಯ ಕಲ್ಲಿನ ಆಳದಲ್ಲಿ ನಿಂತ ನೀರಿಗೆ ಅಲ್ಲಲ್ಲಿ ಫ್ಲೋರೈಡ್ ಬೆರೆಯುತ್ತದೆ. ಒಂದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5 ಎಂಬುದು ಭಾರತೀಯ ಮಾನಕ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಅದು ಮೂಳೆಯಲ್ಲಿ ಸೇರಿ ಕೀಲುಗಳನ್ನು ಬಿಗಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ತಿಳಿಯುವುದೂ ಇಲ್ಲ. ತಿಳಿಯಬೇಕಾದರೆ ಯಾರಾದರೂ ಕೇಳಬೇಕು.

ಜೊತೆಗೆ ಬಂದಿದ್ದ ಮೊಮ್ಮಗನನ್ನು ಹತ್ತಿರ ಕರೆದು ಡಾಕ್ಟರು ಬಾಯಿ ತೆರೆಸಿದರು. ಹತ್ತು ವರ್ಷದ ಹುಡುಗನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳು. ಸರಿಯಾಗಿ ಉಜ್ಜುವುದಿಲ್ಲವೆಂದು ಅಜ್ಜನಿಂದ ಎಷ್ಟು ಬೈಗುಳ ತಿಂದಿದ್ದನೋ ಪಾಪ! ಉಪಾಧ್ಯಾಯರು ತಲೆ ತಗ್ಗಿಸಿದರು.

“ಮನೇಲಿ ಇನ್ನೂ ಚಿಕ್ಕವರಿದ್ದಾರೆಯೆ?”

“ಇವನ ತಂಗಿ. ಎರಡು ವರ್ಷ.”

“ಹಾಗಾದರೆ ನಾಳೆಯಿಂದಲೇ ನೀರು ಬದಲಾಯಿಸಿ ಮೇಷ್ಟ್ರೇ. ಅಮ್ಮನ ಬೆನ್ನು ಮೊದಲಿನ ಹಾಗಾಗ್ತದೆ ಅಂತ ಹೇಳಲಾರೆ. ನೋವು ಕಡಿಮೆಯಾಗಬಹುದು. ಆ ಮಗುವಿನ ಹಲ್ಲು ಇನ್ನೂ ಒಳಗೇ ಕೂಡಿಕೊಳ್ತಾ ಇದೆ.”

ಬೋರಿನ ನೀರನ್ನು ಪರೀಕ್ಷೆಗೆ ಕೊಡಲು ಹೇಳಿ, ಹಾಲು ಮೊಸರು ಬಿಡಬೇಡಿರೆಂದು ಎಚ್ಚರಿಸಿ, ನೋವಿಗೊಂದು ಮಾತ್ರೆ ಬರೆದರು. ಸೂಜಿ ಇಲ್ಲ. ಹೊರಗೆ ಬಂದ ಮೇಲೆ ಆಕೆ, “ಇಷ್ಟು ದೂರ ಬಂದು ಒಂದು ಇಂಜೆಕ್ಷನ್ನೂ ಇಲ್ಲವಲ್ಲ” ಎಂದು ಗೊಣಗಿಕೊಂಡರು.

ಮರುದಿನ ಬೆಳಗ್ಗೆ ಉಪಾಧ್ಯಾಯರು ಇಪ್ಪತ್ತು ಲೀಟರಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಶುದ್ಧ ನೀರಿನ ಘಟಕದ ಮುಂದೆ ಸಾಲಿನಲ್ಲಿ ನಿಂತಿದ್ದರು. ಹಿಂದೆ ಕ್ಯಾರಿಯರು ಹಿಡಿದುಕೊಂಡು ಮೊಮ್ಮಗ ನಿಂತಿದ್ದ.