ಹೋಗಿ ಬರುವ ಮಾತು

2021ರ ನವೆಂಬರ್ ತಿಂಗಳ ಕೊನೆಯ ದಿನಗಳು. ಅಮೆರಿಕದ ಕಾಲೇಜು ಫುಟ್‌ಬಾಲ್ ಋತುವಿನ ನಿಗದಿತ ಪಂದ್ಯಗಳು ಬಹುಪಾಲು ಮುಗಿದಿದ್ದವು. ಅಂತಿಮ ಹಂತಕ್ಕೆ ಯಾವ ನಾಲ್ಕು ತಂಡಗಳು ಹೋಗಬೇಕೆಂಬುದನ್ನು ಆಯ್ಕೆ ಸಮಿತಿ ಇನ್ನೂ ಪ್ರಕಟಿಸಬೇಕಿತ್ತು. 28ರ ಭಾನುವಾರ ಓಕ್ಲಹೋಮ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರ ಲಿಂಕನ್ ರೈಲಿ ತಮ್ಮ ತಂಡವನ್ನು ಬಿಟ್ಟು ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೊರಟರು. ಹಿಂದಿನ ದಿನವಷ್ಟೇ ಪತ್ರಕರ್ತರು ಕೆಣಕಿದಾಗ, ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಮುಂದಿನ ತರಬೇತುದಾರ ತಾವಲ್ಲ ಎಂದು ಅವರು ಹೇಳಿದ್ದರು. ಆ ಮಾತು ಅಕ್ಷರಶಃ ನಿಜವೇ. ಧರ್ಮರಾಯನ ಬಾಯಿಂದ ಹೊರಟ ಅಶ್ವತ್ಥಾಮನ ಸುದ್ದಿಯೂ ಅಷ್ಟರಮಟ್ಟಿಗೆ ನಿಜವಾಗಿತ್ತಲ್ಲವೇ? ಲೂಸಿಯಾನದ ಆ ಕುರ್ಚಿಗೆ ಹೋಗಲಿರುವವರು ಬೇರೊಬ್ಬರು, ನೋಟರ್ ಡೇಮ್ ವಿಶ್ವವಿದ್ಯಾಲಯದ ಬ್ರಯನ್ ಕೆಲ್ಲಿ, ಎಂಬ ಸುದ್ದಿ ಮರುದಿನ ಸಂಜೆ ಹೊರಬಿತ್ತು.

ಪುಣೆಯಲ್ಲಿ ಕುಳಿತು ಕೇಂದ್ರ ಸರ್ಕಾರದ ಕಡತ ನೋಡುವ ನಮಗೂ ಆ ಆಟಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನಮ್ಮ ಅಣ್ಣನ ಮಗ ಆಗ ಇಂಡಿಯಾನ ರಾಜ್ಯದ ಸೌತ್ ಬೆಂಡ್‌ನಲ್ಲಿ, ಅದೇ ನೋಟರ್ ಡೇಮ್‌ನಲ್ಲಿ, ಎಂಜಿನಿಯರಿಂಗ್ ಉನ್ನತ ವ್ಯಾಸಂಗಕ್ಕೆಂದು ಹೋಗಿದ್ದ. ಹೋದ ಎರಡೇ ತಿಂಗಳಲ್ಲಿ ಹುಡುಗ ಆ ಆಟದ ಭಕ್ತನಾಗಿಬಿಟ್ಟಿದ್ದ. ಅವನ ಒತ್ತಾಯಕ್ಕೆ ನಾವಿಬ್ಬರೂ ಕೆಲವು ಪಂದ್ಯಗಳನ್ನು ನೋಡಿ, ಕಾಲಿಗಿಂತ ಕೈಯನ್ನೇ ಹೆಚ್ಚಾಗಿ ಬಳಸುವ ಈ ಆಟಕ್ಕೆ ಫುಟ್‌ಬಾಲ್ ಎಂದೇಕೆ ಹೆಸರೆಂದು ಬೆರಗಾಗಿದ್ದೆವು. ಸುಮಾರು 77 ಸಾವಿರ ಜನ ಕೂರುವ ಕ್ರೀಡಾಂಗಣ ಒಂದು ಕಾಲೇಜಿನದು ಎಂಬುದನ್ನು ನಂಬಲು ನಮಗೆ ಕಷ್ಟವಾಗಿತ್ತು. ನಮ್ಮಲ್ಲಿ ಮಂಗಳವಾರ ಬೆಳಗಾದಾಗ ಅವನ ಫೋನು ಬಂತು. "ಚಿಕ್ಕಪ್ಪ, ಇಲ್ಲಿ ಎಲ್ಲರೂ ಫೋನ್ ನೋಡ್ತಾ ಕೂತಿದ್ದಾರೆ, ಯಾರೂ ಮಾತಾಡ್ತಿಲ್ಲ. ಯಾರೋ ತೀರಿಕೊಂಡ ಹಾಗಿದೆ" ಎಂದ. ತರಬೇತುದಾರ ಹೋದದ್ದಕ್ಕಿಂತ, ಆ ಸುದ್ದಿ ತಂಡದ ಹುಡುಗರಿಗೇ ಫೋನಿನ ಪರದೆಯಿಂದ ತಿಳಿಯಿತಲ್ಲ ಎಂಬುದೇ ಅವನನ್ನು ಹೆಚ್ಚು ನೋಯಿಸಿತ್ತು.

ಕೆಲ್ಲಿ ಅಲ್ಲಿ ಹನ್ನೆರಡು ಋತುಗಳನ್ನು ಕಳೆದಿದ್ದರು. ನೋಟರ್ ಡೇಮ್‌ನ ದಂತಕಥೆಯಾದ ಕ್ನೂಟ್ ರಾಕ್ನಿಯವರ 105 ಗೆಲುವುಗಳ ದಾಖಲೆಯನ್ನು ಅದೇ ಸೆಪ್ಟೆಂಬರಿನಲ್ಲಿ ಮೀರಿದ್ದರು. ತಂಡ ಹನ್ನೊಂದು ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತಿತ್ತು. ಸಮಿತಿಯ ಆಯ್ಕೆಗೆ ಇನ್ನು ಐದಾರು ದಿನ ಉಳಿದಿತ್ತು. ಅವಕಾಶ ಪೂರ್ತಿ ಕೈತಪ್ಪಿರಲಿಲ್ಲ. ಸುದ್ದಿ ಹೊರಬಿದ್ದ ರಾತ್ರಿ ಆಟಗಾರರಿಗೆ ಅವರಿಂದ ಒಂದು ಸಂದೇಶ ಬಂತು. ಮರುದಿನ ಬೆಳಗ್ಗೆ ಏಳಕ್ಕೆ ಸಭೆ ಸೇರಿತು, ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಹನ್ನೆರಡು ವರ್ಷದ ಸಂಬಂಧಕ್ಕೆ ಅಷ್ಟು ನಿಮಿಷ! ಲೂಸಿಯಾನದ ಒಪ್ಪಂದ ಹತ್ತು ವರ್ಷಕ್ಕೆ ಒಂಬತ್ತೂವರೆ ಕೋಟಿ ಡಾಲರು. ಅಂದಿನ ದರದಲ್ಲಿ ಏಳುನೂರು ಕೋಟಿ ರೂಪಾಯಿಗೂ ಮಿಗಿಲು.

ಇಷ್ಟು ಆತುರವೇಕೆ? ಅಲ್ಲಿ ಪ್ರೌಢಶಾಲೆಯ ಹುಡುಗರು ಯಾವ ಕಾಲೇಜಿಗೆ ಆಡುವೆವೆಂದು ಸಹಿ ಮಾಡುವ ಮೊದಲ ಅವಧಿ ಆಗ ಡಿಸೆಂಬರ್ ಮಧ್ಯದಲ್ಲಿ ಬರುತ್ತಿತ್ತು. ಅಷ್ಟರೊಳಗೆ ಹೊಸ ತರಬೇತುದಾರ ಕುರ್ಚಿಯಲ್ಲಿರದಿದ್ದರೆ ಒಳ್ಳೆಯ ಹುಡುಗರು ಬೇರೆಡೆಗೆ ಹೋಗುತ್ತಾರೆ. ಹೀಗಾಗಿ ಒಂದು ತಂಡದ ಋತು ಮುಗಿಯುವ ಮೊದಲೇ ಇನ್ನೊಂದು ತಂಡ ಅದರ ಗುರುವನ್ನು ಸೆಳೆಯುತ್ತದೆ. ಈ ವ್ಯವಹಾರದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಹಣವಲ್ಲ. ತರಬೇತುದಾರ ಆ ಹುಡುಗರ ಮನೆಗೆ ಹೋಗಿ, ನಡುಮನೆಯಲ್ಲಿ ಕುಳಿತು, ತಾಯಿ ಕೊಟ್ಟದ್ದನ್ನು ಉಂಡು, "ನಿಮ್ಮ ಮಗನನ್ನು ನನಗೆ ಒಪ್ಪಿಸಿ" ಎನ್ನುತ್ತಾನೆ. ನಮ್ಮಲ್ಲಿ ಹೆಣ್ಣು ಕೇಳಲು ಬಂದವರು ಆಡುವಷ್ಟೇ ಗಂಭೀರವಾದ ಮಾತು ಅದು. ಆ ಮಾತನ್ನು ನಂಬಿ ಬಂದ ಹದಿನೆಂಟರ ಹುಡುಗ ಬೇರೆ ಕಾಲೇಜಿಗೆ ಹೋಗಬಯಸಿದರೆ ಒಂದು ವರ್ಷ ಆಡದೆ ಕೂರಬೇಕೆಂಬ ನಿಯಮ ದಶಕಗಳ ಕಾಲ ಇತ್ತು. ಗುರುವಿಗೆ ಅಂಥ ಕಟ್ಟಳೆ ಇರಲಿಲ್ಲ. ಮೊದಲ ಸಲ ಕಾಲೇಜು ಬದಲಿಸುವವರಿಗೆ ಆ ಕಾಯುವಿಕೆಯನ್ನು ತೆಗೆದುಹಾಕಿದ್ದು 2021ರಲ್ಲಿ ಮಾತ್ರ.

ಹಾಗೆಂದು ಹೊರಟವರನ್ನು ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕೆಲ್ಲಿ ಹೋದ ಜಾಗ ಖಾಲಿಯಾದದ್ದು ಹೇಗೆ? ಅಲ್ಲಿ ಮುಂಚೆ ಇದ್ದ ಎಡ್ ಓರ್ಜರಾನ್ 2020ರ ಜನವರಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದರು. ಎರಡು ವರ್ಷ ತುಂಬುವ ಮೊದಲೇ, 2021ರ ಅಕ್ಟೋಬರಿನಲ್ಲಿ, ಋತು ಮುಗಿದೊಡನೆ ಅವರು ಹೊರಹೋಗಬೇಕೆಂಬ ತೀರ್ಮಾನವಾಯಿತು. ಸಂಸ್ಥೆಗೆ ನಿಷ್ಠೆಯಿಲ್ಲದ ಕಡೆ ವ್ಯಕ್ತಿಯೊಬ್ಬನಿಂದ ಮಾತ್ರ ನಿಷ್ಠೆ ಕೇಳುವುದು ಯಾವ ನೀತಿ? ಮೇಲಾಗಿ, ಇದ್ದ ಜಾಗಕ್ಕಿಂತ ಉತ್ತಮವಾದುದು ಕರೆದಾಗ ಹೋದವರೇ ನಾವೆಲ್ಲ. ಹೊರನಾಡಿನಲ್ಲಿ ಕುಳಿತು ಈ ಬಳಗದ ಬರಹ ಓದುತ್ತಿರುವವರಲ್ಲಿ ಊರು ಬಿಟ್ಟು ಬರದವರು, ಬಿಟ್ಟು ಬಂದವರ ಮಕ್ಕಳಲ್ಲದವರು ಎಷ್ಟು ಜನ ಇದ್ದೇವೆ?

ಮಹಾಭಾರತದಲ್ಲಿ ಅತಿ ದೊಡ್ಡ ಆಮಿಷವೊಂದು ಬರುವುದು ಉದ್ಯೋಗಪರ್ವದಲ್ಲೇ ಎಂಬುದು ತಮಾಷೆಯ ಸಂಗತಿ. ಕೃಷ್ಣ ಕರ್ಣನಿಗೆ ಅವನ ಹುಟ್ಟನ್ನು ತಿಳಿಸಿ, ಪಾಂಡವರ ಹಿರಿಯನಾಗಿ ಸಿಂಹಾಸನ ಏರೆಂದು ಕರೆಯುತ್ತಾನೆ. ಸೋಲು ಖಚಿತವೆಂದು ಬಲ್ಲ ಕರ್ಣ ದುರ್ಯೋಧನನ ಅನ್ನದ ಋಣ ನೆನೆದು ಒಲ್ಲೆನೆನ್ನುತ್ತಾನೆ. ಇತ್ತ ಎಂ.ಎ. ತರಗತಿಯಲ್ಲಿ ನಾವು ಓದಿದ ಶೇಕ್ಸ್‌ಪಿಯರನ 'ಆಂಟನಿ ಅಂಡ್ ಕ್ಲಿಯೋಪಾತ್ರ'ದ ಎನೊಬಾರ್ಬಸ್, ಮುಳುಗುತ್ತಿರುವ ಒಡೆಯನನ್ನು ಬಿಟ್ಟು ಗೆಲ್ಲುವವನ ಪಾಳೆಯಕ್ಕೆ ಹೋಗುತ್ತಾನೆ. ಅವನು ಬಿಟ್ಟುಹೋದ ಸಂಪತ್ತನ್ನೆಲ್ಲ ಆಂಟನಿ ಶುಭಾಶಯದೊಂದಿಗೆ ಹಿಂದೆಯೇ ಕಳುಹಿಸಿಕೊಡುತ್ತಾನೆ. ಆ ಔದಾರ್ಯ ಕಂಡು ಎನೊಬಾರ್ಬಸ್ ಎದೆಯೊಡೆದು ಸಾಯುತ್ತಾನೆ. ಇಬ್ಬರಲ್ಲಿ ಯಾರು ಸರಿಯೆಂದು ಆಗ ನಾವು ವಾದಿಸುತ್ತಿದ್ದೆವು. ಈಗ ನಮಗೆ ಕಾಣುವುದು ಬೇರೆ. ಉಳಿದ ಕರ್ಣನೂ ಅಧರ್ಮದ ಪಕ್ಷದಲ್ಲೇ ಉಳಿದ, ಉಳಿಯುವುದೇ ಸದ್ಗುಣವಲ್ಲ. ಆದರೆ ಅವನು ತಾನು ಯಾರಿಗೆ ಏನು ಬಾಕಿ ಎಂಬ ಲೆಕ್ಕವನ್ನು ಬಾಯಿಬಿಟ್ಟು ಹೇಳಿದ. ಹೋಗುವವರಿಂದ ಕೇಳಬಹುದಾದದ್ದು ಆ ಲೆಕ್ಕವೇ ಹೊರತು ಇರುವಿಕೆಯಲ್ಲ.

ಸರ್ಕಾರಿ ನೌಕರಿಯ ಒಣ ಕಾಗದಗಳಲ್ಲಿ ಈ ಲೆಕ್ಕಕ್ಕೆ ಒಂದು ಜಾಗವಿದೆ. ವರ್ಗಾವಣೆಯ ಆದೇಶ ಬಂದ ಮಾತ್ರಕ್ಕೆ ಯಾರೂ ಎದ್ದು ಹೋಗುವಂತಿಲ್ಲ. ಕಚೇರಿ ನಮ್ಮನ್ನು 'ರಿಲೀವ್' ಮಾಡಬೇಕು. ಅದಕ್ಕೆ ಮೊದಲು ಚಾರ್ಜ್ ಒಪ್ಪಿಸಬೇಕು. ಬಾಕಿ ಕಡತ ಎಷ್ಟು, ಯಾವುದಕ್ಕೆ ಉತ್ತರ ಬರಬೇಕಿದೆ, ಬೀರುವಿನ ಕೀಲಿ ಯಾರ ಕೈಗೆ, ಎಲ್ಲವನ್ನೂ ಬರೆದು, ಕೊಟ್ಟವರು ಪಡೆದವರು ಇಬ್ಬರೂ ಸಹಿ ಹಾಕಬೇಕು. ಹೊಸ ಊರು ಸೇರಲು 1979ರ ನಿಯಮಗಳು ದೂರಕ್ಕೆ ತಕ್ಕಂತೆ ದಿನಗಳನ್ನೂ ಕೊಡುತ್ತವೆ. ಸಾವಿರ ಕಿಲೋಮೀಟರಿನೊಳಗಾದರೆ ಹತ್ತು ದಿನ. ನಾಗಪುರ, ಹೈದರಾಬಾದ್, ಪುಣೆ ಎಂದು ಅಲೆದ ನಾವು ಈ ಕಾಗದಗಳನ್ನು ಬಹುಕಾಲ ಬರೀ ಕಿರಿಕಿರಿ ಎಂದೇ ಎಣಿಸಿದ್ದೆವು. ಏಳುನೂರು ಕೋಟಿಯ ಒಪ್ಪಂದದಲ್ಲಿ ಇಲ್ಲದ ಒಂದು ಮರ್ಯಾದೆ ಆ ಎರಡು ಸಹಿಗಳಲ್ಲಿದೆ ಎನ್ನುವುದನ್ನು ಅಣ್ಣನ ಮಗನ ಫೋನು ನಮಗೆ ತಿಳಿಸಿತು.

ಕೆಲ್ಲಿಯವರಿಗೆ ಇದು ಮೊದಲ ಸಲವೂ ಆಗಿರಲಿಲ್ಲ. 2009ರ ಡಿಸೆಂಬರಿನಲ್ಲಿ ಅವರು ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿನ ತಂಡ ಹನ್ನೆರಡಕ್ಕೆ ಹನ್ನೆರಡೂ ಪಂದ್ಯ ಗೆದ್ದಿತ್ತು. ದೊಡ್ಡ ಪಂದ್ಯವಾದ ಶುಗರ್ ಬೌಲ್‌ಗೆ ಇನ್ನೂ ಮೂರು ವಾರವಿದ್ದಾಗ ಅವರು ನೋಟರ್ ಡೇಮ್‌ಗೆ ಹೊರಟರು. ತಂಡ ಆ ಪಂದ್ಯವನ್ನು 51-24ರಿಂದ ಸೋತಿತು. ಕಾಲದ ಆಟ ನೋಡಿ: 2021ರಲ್ಲಿ ನೋಟರ್ ಡೇಮ್ ಸೋತ ಆ ಒಂದೇ ಪಂದ್ಯ ಅದೇ ಸಿನ್ಸಿನಾಟಿಯ ಎದುರು. ಸಮಿತಿ ಆರಿಸಿದ ನಾಲ್ಕನೆಯ ತಂಡವೂ ಸಿನ್ಸಿನಾಟಿಯೇ. ನೋಟರ್ ಡೇಮ್ ಐದನೆಯದಾಗಿ ಹೊರಗುಳಿಯಿತು.

ಲೂಸಿಯಾನಕ್ಕೆ ಹೋದ ಒಂದೆರಡು ದಿನಗಳಲ್ಲೇ ಅವರು ಸಭಿಕರ ಎದುರು ಮಾತನಾಡುತ್ತ 'ಫ್ಯಾಮಿಲಿ' ಎಂಬ ಪದವನ್ನು ದಕ್ಷಿಣದವರಂತೆ ಎಳೆದು ಉಚ್ಚರಿಸಿದ್ದು ಅಮೆರಿಕದಾದ್ಯಂತ ನಗೆಪಾಟಲಾಯಿತು. ಅವರು ಹುಟ್ಟಿದ್ದು ದೂರದ ಉತ್ತರದ ಮ್ಯಾಸಚೂಸೆಟ್ಸ್‌ನಲ್ಲಿ. ಆ ದೃಶ್ಯಕ್ಕೆ ನಾವು ನಗಲಾರದೆ ಹೋದೆವು. ಬಂದ ಊರಿನ ನುಡಿಗೆ ನಾಲಗೆ ಬಾಗಿಸುವುದು ಎಂಥ ಕೆಲಸವೆಂದು ನಮ್ಮಂಥವರಿಗಲ್ಲದೆ ಯಾರಿಗೆ ಗೊತ್ತು? ನಾವು ಮರಾಠಿಯ ಒಂದು ವಾಕ್ಯವನ್ನು ತರಕಾರಿಯವಳು ನಗದಂತೆ ಆಡಲು ವರ್ಷಗಳು ಹಿಡಿದವು. ನಾಲಗೆ ಬಾಗಲಿ, ತಪ್ಪಿಲ್ಲ. ಮನೆಮಂದಿ ಎಂಬ ಅರ್ಥದ ಮಾತು ಮಾತ್ರ ಎರಡು ದಿನದಲ್ಲಿ ಹುಟ್ಟುವುದಿಲ್ಲ.

ಅತ್ತ ನೋಟರ್ ಡೇಮ್ ತನ್ನ ಸಹಾಯಕರಲ್ಲೇ ಒಬ್ಬರಾದ ಮಾರ್ಕಸ್ ಫ್ರೀಮನ್ ಅವರನ್ನು ಕೆಲವೇ ದಿನಗಳಲ್ಲಿ ಮುಖ್ಯ ತರಬೇತುದಾರರಾಗಿ ನೇಮಿಸಿತು. ಅವರು ಒಳಗೆ ಬಂದಾಗ ಹುಡುಗರು ಕುಣಿದು ಮುತ್ತಿಕೊಂಡ ದೃಶ್ಯವನ್ನು ಅಣ್ಣನ ಮಗ ನಮಗೆ ಕಳುಹಿಸಿದ್ದ. 2025ರ ಜನವರಿಯಲ್ಲಿ ಅವರ ತಂಡ ರಾಷ್ಟ್ರೀಯ ಅಂತಿಮ ಪಂದ್ಯ ಮುಟ್ಟಿ ಓಹಾಯೋ ಸ್ಟೇಟ್‌ಗೆ 34-23ರಿಂದ ಸೋತಿತು. ಅದೇ ವರ್ಷ ಅಕ್ಟೋಬರ್ 26ರಂದು ಲೂಸಿಯಾನ ಕೆಲ್ಲಿಯವರನ್ನು ತೆಗೆದುಹಾಕಿತು. ಅವರ ಜಾಗಕ್ಕೆ ನವೆಂಬರ್ 30ರಂದು ಬಂದವರು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಲೇನ್ ಕಿಫಿನ್. ಅವರ ತಂಡವೂ ಹನ್ನೊಂದು ಗೆದ್ದು ಒಂದು ಸೋತು, ಅಂತಿಮ ಸುತ್ತಿನ ಹೊಸ್ತಿಲಲ್ಲಿ ನಿಂತಿತ್ತು. ಕೆಲ್ಲಿಯವರ ನೇಮಕ ಪ್ರಕಟವಾಗಿ ಅಂದಿಗೆ ಸರಿಯಾಗಿ ನಾಲ್ಕು ವರ್ಷ. ಇದನ್ನು ಕರ್ಮಫಲವೆಂದು ಬೀಗುವ ಮನಸ್ಸು ನಮಗಿಲ್ಲ. ಪ್ರತಿಸಲವೂ ಫೋನಿನ ಪರದೆ ನೋಡುತ್ತ ಕೂರುವವರು ಮಾತ್ರ ಹುಡುಗರೇ.

ಇಷ್ಟೆಲ್ಲ ಬರೆಯಲು ಕಾರಣ, ಈಗ ಹೊರಡುವ ಸರದಿ ನಮ್ಮದು. ನಾವೇ ಕೇಳಿಕೊಂಡಿದ್ದ ಬೆಂಗಳೂರಿನ ವರ್ಗಾವಣೆ ಈ ತಿಂಗಳು ಬಂದಿದೆ. ತಿಪಟೂರಿನ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾರೆ, ವಯಸ್ಸು ಎಪ್ಪತ್ತೆಂಟು. ಹೋಗಬೇಕೇ ಬೇಡವೇ ಎಂಬ ಪ್ರಶ್ನೆಯೇ ಇಲ್ಲ. ಕಚೇರಿಯ ಚಾರ್ಜ್ ಪಡೆಯಲು ಆಗಲೇ ಒಬ್ಬರು ಬಂದಿದ್ದಾರೆ. ಆದರೆ ಆರು ವರ್ಷಗಳಿಂದ ನಾವಿಬ್ಬರೂ ಭಾನುವಾರ ಬೆಳಗ್ಗೆ ನಡೆಸುತ್ತ ಬಂದ ಕನ್ನಡ ತರಗತಿಗೆ ಯಾವ ಇಲಾಖೆಯೂ ಬದಲಿ ಕಳುಹಿಸುವುದಿಲ್ಲ. ಹನ್ನೊಂದು ಮಕ್ಕಳಿದ್ದಾರೆ. ಸೇರಿಸಲು ಹಿಂಜರಿದ ತಂದೆತಾಯಿಯರ ಮನೆಗೆ ಹೋಗಿ, ಅವರ ನಡುಮನೆಯಲ್ಲಿ ಕುಳಿತು, ಚಹಾ ಕುಡಿದು, "ಕಳುಹಿಸಿ, ಓದಲು ಬರೆಯಲು ಬರುವ ತನಕ ನಾವಿದ್ದೇವೆ" ಎಂದು ಹೇಳಿದವರು ನಾವೇ.

ಪೋಷಕರ ವಾಟ್ಸಾಪ್ ಗುಂಪಿಗೆ ತಿಳಿಸುವ ಮೊದಲು, ಕಳೆದ ಭಾನುವಾರ, ಮಕ್ಕಳನ್ನು ಎದುರು ಕೂರಿಸಿಕೊಂಡು ವಿಷಯ ಹೇಳಿದೆವು. ಯಾರೂ ಅಳಲಿಲ್ಲ. ವಿಜಯಪುರದ ಕಡೆಯ ಒಬ್ಬ ಹುಡುಗಿ ಮಾತ್ರ ಪುಸ್ತಕದಿಂದ ತಲೆಯೆತ್ತದೆ, "ಸರ್, ಹಂಗಾದ್ರ ನಮಗ ಒತ್ತಕ್ಷರ ಯಾರ ಕಲಸ್ತಾರ?" ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಇನ್ನೂ ನಮ್ಮಲ್ಲಿ ಉತ್ತರವಿಲ್ಲ. ಕನ್ನಡದಲ್ಲಿ ಮನೆಯಿಂದ ಹೊರಡುವವರು 'ಹೋಗುತ್ತೇವೆ' ಎನ್ನುವುದಿಲ್ಲ, 'ಬರುತ್ತೇವೆ' ಎನ್ನುತ್ತೇವೆ. ಬರದಿರುವವರೂ ಹಾಗೆಯೇ ಅನ್ನುತ್ತೇವೆ. ಆ ದಿನ ಮಕ್ಕಳಿಗೆ ಹಾಗೆನ್ನಲು ನಮಗೆ ನಾಲಗೆ ಬರಲಿಲ್ಲ. ಇನ್ನು ಮೂರು ಭಾನುವಾರ ಇದೆ ಎಂದಷ್ಟೇ ಹೇಳಿದೆವು.

ಒಂದು ನೋಟ್‌ಬುಕ್ಕಿನಲ್ಲಿ ಚಾರ್ಜ್ ಪಟ್ಟಿ ಬರೆದಿಟ್ಟಿದ್ದೇವೆ. ಯಾವ ಮಗು ಎಲ್ಲಿಯವರೆಗೆ ಬಂದಿದೆ, ಮರಾಠಿಯ ಅಭ್ಯಾಸದಿಂದ ಹ್ರಸ್ವ 'ಎ'ಕಾರವನ್ನು ದೀರ್ಘ ಮಾಡಿ ಎಲೆಯನ್ನು 'ಏಲೆ' ಎನ್ನುವವರು ಯಾರು, ಅರ್ಕಾವತ್ತು ಕಂಡರೆ ಓದು ನಿಲ್ಲಿಸುವವರು ಯಾರು, ಸಭಾಂಗಣದ ಕೀಲಿ ಯಾರ ಬಳಿ ಸಿಗುತ್ತದೆ, ಎಲ್ಲವೂ ಅದರಲ್ಲಿದೆ. ಕೊನೆಯ ಪುಟದಲ್ಲಿ ಎರಡು ಸಹಿಗೆ ಜಾಗ ಬಿಟ್ಟಿದ್ದೇವೆ. ನಮ್ಮದನ್ನು ಹಾಕಿಯಾಗಿದೆ. ಪುಣೆಯಲ್ಲಿರುವ ಓದುಗರಲ್ಲಿ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಬಿಡುವಿರುವವರು ಬಳಗದ ಮೂಲಕ ತಿಳಿಸಿದರೆ, ನೋಟ್‌ಬುಕ್ಕನ್ನು ನಾವೇ ಮನೆಗೆ ತಂದು ಒಪ್ಪಿಸುತ್ತೇವೆ.