ಮುಂದಿನ ಸಾಲಿನ ಆಸನ ಮತ್ತು ನಮ್ಮ ಮಕ್ಕಳು

ಶಿಷ್ಟಾಚಾರವೆಂದರೆ ಹೊರಗಿನ ನಡವಳಿಕೆ, ಧರ್ಮವೆಂದರೆ ಒಳಗಿನ ಭಾವ ಎಂದು ನಾವು ಇವೆರಡನ್ನೂ ಬೇರೆಬೇರೆಯಾಗಿ ಕಾಣುವುದುಂಟು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆದರೆ ಎಲ್ಲಿ ಕುಳಿತುಕೊಳ್ಳಬೇಕು, ಯಾರನ್ನು ಎಲ್ಲಿ ಕೂರಿಸಬೇಕು ಎಂಬ ತೀರ ಸಣ್ಣ ಸಂಗತಿಯಲ್ಲಿ ಇವೆರಡೂ ಒಂದೇ ಎಂಬುದನ್ನು ಎಪ್ಪತ್ತು ದಾಟಿದ ಮೇಲೆ ನನಗೆ ತಿಳಿಸಿಕೊಟ್ಟವನು ಎಂಟು ವರ್ಷದ ನನ್ನ ಮೊಮ್ಮಗ. ಆ ಪ್ರಸಂಗವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದರಲ್ಲಿ ನನಗೆ ಸಂಕೋಚವಿದೆ. ಏಕೆಂದರೆ ಅದರಲ್ಲಿ ತಪ್ಪು ಬಾಲಕನದಲ್ಲ, ನನ್ನದು.

2023ರ ನವೆಂಬರಿನಲ್ಲಿ ನಮ್ಮ ಕುಟುಂಬದ ಐವರು ಸಮ್ಮೇದ ಶಿಖರ್ಜಿಯ ಯಾತ್ರೆಗೆ ಹೊರಟೆವು. ನಾವು ಗಂಡಹೆಂಡಿರು ಹುಣಸೂರಿನಿಂದ ಬೆಂಗಳೂರಿಗೆ ಹೋಗಿ ಮಗ, ಸೊಸೆ, ಮೊಮ್ಮಗನನ್ನು ಕೂಡಿಕೊಂಡೆವು. ಅಲ್ಲಿಂದ ಕೊಲ್ಕತ್ತೆಯವರೆಗೆ ವಿಮಾನ, ಮುಂದೆ ಪಾರಸನಾಥ ನಿಲ್ದಾಣದವರೆಗೆ ರೈಲು. ಉದ್ಯೋಗದ ನಿಮಿತ್ತ ಪದೇಪದೇ ವಿಮಾನದಲ್ಲಿ ಓಡಾಡುವ ಮಗನಿಗೆ ಅದರಿಂದ ಒಂದಷ್ಟು ಪಾಯಿಂಟುಗಳು ಕೂಡಿದ್ದವು. ಅವುಗಳ ಬಲದಿಂದ ಐದು ಆಸನಗಳಲ್ಲಿ ಎರಡು ಮುಂಭಾಗದ ಮೇಲ್ದರ್ಜೆಯಲ್ಲಿ ದೊರೆತವು. "ಅಪ್ಪ, ನೀವೂ ಅಮ್ಮನೂ ಮುಂದೆ ಕೂತುಕೊಳ್ಳಿ, ಕಾಲು ಚಾಚಿಕೊಳ್ಳಬಹುದು" ಎಂದು ಅವನು ಹೇಳಿದ. ಮೊಮ್ಮಗನ ಮುಖ ಬಾಡಿತು. ನಾನು ತ್ಯಾಗಮಾಡಿದ ಹಿರಿಮೆಯಿಂದ ನನ್ನ ಆಸನವನ್ನು ಅವನಿಗೆ ಬಿಟ್ಟುಕೊಟ್ಟು ಹಿಂದೆ ಹೋಗಿ ಕುಳಿತೆ. ಅಜ್ಜನ ವಾತ್ಸಲ್ಯವೆಂದು ಎಲ್ಲರೂ ಮೆಚ್ಚಿದರು.

ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಮುಂದಿನಿಂದ ಗಗನಸಖಿಯೊಬ್ಬರು ಬಂದು ಸೊಸೆಯ ಕಿವಿಯಲ್ಲಿ ಏನೋ ಹೇಳಿದರು. ಹುಡುಗ ಆಸನದ ಗುಂಡಿಗಳನ್ನೆಲ್ಲ ಒತ್ತುತ್ತ, ಒರಗುತ್ತ, ಏಳುತ್ತ, ಮುಂದಿನವರ ಬೆನ್ನಿಗೆ ಕಾಲು ತಾಗಿಸುತ್ತ ಇದ್ದನಂತೆ. ನಿದ್ರಿಸಬೇಕೆಂದಿದ್ದ ಹಿರಿಯರೊಬ್ಬರು ಎರಡು ಬಾರಿ ಹಿಂತಿರುಗಿ ನೋಡಿದ್ದರಂತೆ. ನನ್ನ ಪತ್ನಿಗೆ ಅದು ಎರಡನೆಯ ವಿಮಾನ ಪ್ರಯಾಣ. ತನ್ನ ಪಟ್ಟಿಯನ್ನು ಬಿಚ್ಚುವುದೇ ತಿಳಿಯದವಳು ಮೊಮ್ಮಗನನ್ನು ಹೇಗೆ ಹತೋಟಿಯಲ್ಲಿಡಬೇಕು? ಸೊಸೆ ಹೋಗಿ ಗದರಿಸಿ ಬಂದಳು. ಅನಂತರ ಹುಡುಗನೇ ಪರದೆಯನ್ನು ಸರಿಸಿಕೊಂಡು ನನ್ನ ಬಳಿ ಬಂದ. ಇಕ್ಕಟ್ಟಿನ ಸಾಲುಗಳನ್ನೂ ನನ್ನ ಮಡಿಸಿದ ಮೊಣಕಾಲುಗಳನ್ನೂ ನೋಡಿ ಕೇಳಿದ: "ತಾತ, ನೀವ್ಯಾಕೆ ಬಡವರ ಕಡೆ ಕೂತಿದ್ದೀರಿ?"

ಆ ಮಾತು ಅಕ್ಕಪಕ್ಕದವರಿಗೆಲ್ಲ ಕೇಳಿಸಿತು. ಒಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಮನೆಯಲ್ಲಿ ಯಾರೂ ಅವನಿಗೆ ಹಾಗೆ ಹೇಳಿಕೊಟ್ಟಿರಲಿಲ್ಲ. ಆದರೆ ಒಂದು ಪರದೆ, ಒಂದು ಅಗಲವಾದ ಕುರ್ಚಿ, ಒಂದು ಬಿಸಿಯಾದ ಕೈವಸ್ತ್ರ ಇವು ಅರ್ಧ ಗಂಟೆಯಲ್ಲಿ ಅವನಿಗೆ ಮನುಷ್ಯರನ್ನು ಎರಡು ಭಾಗ ಮಾಡುವುದನ್ನು ಕಲಿಸಿದ್ದವು. ಕಲಿಯಲೆಂದು ಅಲ್ಲಿಗೆ ಕಳುಹಿಸಿದವನು ನಾನೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸುವ ಎಂಟು ಮದಗಳಲ್ಲಿ ಋದ್ಧಿಮದವೂ ಒಂದು. ಸಂಪತ್ತಿದ್ದವರಿಗೆ ಮಾತ್ರ ಈ ಮದ ಬರುತ್ತದೆಂದು ನಾನು ಎಣಿಸಿದ್ದೆ. ಸ್ವಂತದ್ದೆಂದು ಒಂದು ರೂಪಾಯಿಯೂ ಇಲ್ಲದ ಮಗುವಿಗೂ ಅದು ಬರಬಲ್ಲುದು, ಹಿರಿಯರ ಕೈಯಿಂದ ಬರಬಲ್ಲುದು.

ಉಳಿದ ದಾರಿಯುದ್ದಕ್ಕೂ ನನ್ನ ನೆನಪಿಗೆ ಬಂದದ್ದು ಇನ್ನೊಂದು ಪ್ರಯಾಣ. 1986ನೆಯ ಇಸವಿ. ಹೆಗ್ಗಡದೇವನಕೋಟೆಯ ಆಚೆ ಸರಗೂರಿನಲ್ಲಿ ನಂಟರ ಮದುವೆ ಮುಗಿಸಿಕೊಂಡು ಬಸ್ಸಿನಲ್ಲಿ ಹುಣಸೂರಿಗೆ ಮರಳುತ್ತಿದ್ದೆವು. ನಾನು, ನನ್ನ ತಾಯಿ, ಪತ್ನಿ, ಮತ್ತು ಮೂರು ವರ್ಷದ ನನ್ನ ಮಗ. ಅವನಿಗೆ ಟಿಕೆಟ್ ಇರಲಿಲ್ಲ. ಟಿಕೆಟ್ ಬೇಡದ ವಯಸ್ಸು. ಆದರೂ ಕಿಟಕಿಯ ಪಕ್ಕದ ಒಂದು ಸೀಟಿನಲ್ಲಿ ಅವನನ್ನು ಕೂರಿಸಿ, ಅವನು ಹೊರಗೆ ನೋಡುತ್ತ ಕೇಕೆ ಹಾಕುವುದನ್ನು ಸಂತೋಷದಿಂದ ನೋಡುತ್ತಿದ್ದೆ. ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸು ನಿಂತಾಗ ಒಂದು ಗುಂಪು ಹತ್ತಿತು. ಹಾಡಿಯ ಜನ, ಹುಣಸೂರಿನ ಮೇಲೆ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವವರು. ಅವರಲ್ಲೊಬ್ಬಳು ಹೆಂಗಸು ಸೊಂಟದ ಮೇಲೆ ಕೂಸು, ಕೈಯಲ್ಲೊಂದು ಗಂಟು ಹಿಡಿದು ನಮ್ಮ ಸೀಟಿನ ಬಳಿಯೇ ನಿಂತಳು. ಮಗನ ಸೀಟಿನ ಕಡೆ ನೋಡಿದಳು. ನಾನು "ಜನ ಇದ್ದಾರಮ್ಮ" ಎಂದು ಹೇಳಿ ಮುಖ ತಿರುಗಿಸಿದೆ.

ನನ್ನ ತಾಯಿ ಅಂದು ಒಪ್ಪತ್ತಿನಲ್ಲಿದ್ದರು. ಕಣ್ಣು ಮುಚ್ಚಿ ಒರಗಿದ್ದವರು ನನ್ನ ಮಾತು ಕೇಳಿ ಕಣ್ಣು ತೆರೆದರು. ಒಂದು ಮಾತೂ ಆಡದೆ ಮೊಮ್ಮಗನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, "ಬಾರವ್ವ, ಕೂತ್ಕೊ" ಎಂದು ಆಕೆಯನ್ನು ಕರೆದರು. ಮಗ ಕಿಟಕಿ ತಪ್ಪಿತೆಂದು ಅಳತೊಡಗಿದ. ನಾನು ಅಸಮಾಧಾನದಿಂದ ಏನೋ ಗೊಣಗಿದಾಗ ತಾಯಿ ಹೇಳಿದ್ದು ಇಷ್ಟೆ: "ಮಗುವಿಗೆ ನನ್ನ ತೊಡೆ ಇದೆಯಪ್ಪ. ಅವಳಿಗೇನಿದೆ?"

ಆಗ ಅದು ದಯೆಯ ಮಾತೆಂದು ನನಗೆ ತೋರಿತ್ತು. ವಿಮಾನದಲ್ಲಿ ಕುಳಿತು ಯೋಚಿಸುವಾಗ ಅದು ಅಚೌರ್ಯದ ಮಾತೆಂಬುದು ಹೊಳೆಯಿತು. ಆ ಸೀಟಿಗೆ ನಾನು ಹಣ ಕೊಟ್ಟಿರಲಿಲ್ಲ, ಆಕೆ ತನ್ನ ಟಿಕೆಟಿಗೆ ಕೊಟ್ಟಿದ್ದಳು. ಕೊಡದಿದ್ದುದನ್ನು ತೆಗೆದುಕೊಳ್ಳಬಾರದೆಂಬ ಅಣುವ್ರತವನ್ನು ಪ್ರತಿವರ್ಷ ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ಕೇಳುತ್ತಿದ್ದ ನಾನು, ಮಗುವಿನ ಹೆಸರಿನಲ್ಲಿ ಅದನ್ನು ಮುರಿಯುತ್ತಿದ್ದೆ. ಮಕ್ಕಳಿಗಾಗಿ ಮಾಡುವ ಸಣ್ಣ ಅನ್ಯಾಯವು ನಮಗೆ ಅನ್ಯಾಯವೆಂದೇ ತೋರುವುದಿಲ್ಲ, ಅಲ್ಲಿಯೇ ಅಪಾಯವಿರುವುದು.

ಈ ಪ್ರಶ್ನೆ ನಮ್ಮ ಮನೆಯದೊಂದೇ ಅಲ್ಲ, ಲೋಕವೆಲ್ಲ ಚರ್ಚಿಸುತ್ತಿರುವುದು. 2011ರಲ್ಲಿ ಮಲೇಷ್ಯಾ ಏರ್‌ಲೈನ್ಸ್ ತನ್ನ ಬೋಯಿಂಗ್ 747 ವಿಮಾನಗಳ ಮೊದಲ ದರ್ಜೆಯಲ್ಲಿ ಹಸುಗೂಸುಗಳಿಗೆ ಅವಕಾಶವಿಲ್ಲವೆಂದಾಗ ದೊಡ್ಡ ವಾದವೇ ಎದ್ದಿತು. 2016ರಲ್ಲಿ ನಮ್ಮ ದೇಶದ ಇಂಡಿಗೋ ಸಂಸ್ಥೆಯು ಕೆಲವು ಸಾಲುಗಳನ್ನು ನಿಶ್ಶಬ್ದ ವಲಯವೆಂದು ಗೊತ್ತುಮಾಡಿ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಸ್ಥಳವಿಲ್ಲವೆಂದಿತು. ಹಣ ಕೊಟ್ಟವರಿಗೆ ನೆಮ್ಮದಿ ಬೇಡವೇ ಎಂದು ಒಂದು ಪಕ್ಷ. ಮಗುವೂ ಹಣ ಕೊಟ್ಟ ಪ್ರಯಾಣಿಕನಲ್ಲವೇ ಎಂದು ಇನ್ನೊಂದು ಪಕ್ಷ. ನಮ್ಮ ಯಾತ್ರೆಯ ಮರುವರ್ಷ, 2024ರ ಏಪ್ರಿಲಿನಲ್ಲಿ, ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಜೊತೆಯಲ್ಲಿ ಪ್ರಯಾಣಿಸುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಆಸನ ಕೊಡಬೇಕೆಂದು ವಿಮಾನ ಸಂಸ್ಥೆಗಳಿಗೆ ನಿರ್ದೇಶಿಸಿತು. ಇದನ್ನು ಪತ್ರಿಕೆಯಲ್ಲಿ ಓದಿದಾಗ ನನ್ನ ತಾಯಿಯ ತೊಡೆ ನೆನಪಾಯಿತು. ಮಗುವಿನ ಸ್ಥಾನ ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ. ತನ್ನ ಹೊಣೆ ಹೊತ್ತವರ ಕೈಗೆಟುಕುವಲ್ಲಿ.

ಹಾಗೆಂದು ಮಕ್ಕಳನ್ನು ಮೇಲ್ದರ್ಜೆಯಲ್ಲಿ ಕೂರಿಸಲೇಬಾರದೆಂದು ನಾನು ಹೇಳುವುದಿಲ್ಲ. ಅನುಕೂಲವಿದ್ದವರು ಕೂರಿಸಲಿ. ಆದರೆ ತಂದೆತಾಯಿಗಳಲ್ಲಿ ಒಬ್ಬರು ಜೊತೆಗಿರಬೇಕು. ತಾವು ಮುಂದೆ ಸುಖವಾಗಿ ಕುಳಿತು ಮಕ್ಕಳನ್ನು ಹಿಂದಿನ ಸಾಲಿನಲ್ಲಿ ಅಪರಿಚಿತರ ಪಾಲಿಗೆ ಬಿಡುವುದಾಗಲಿ, ನನ್ನಂತೆ ಮಗುವನ್ನು ಮುಂದೆ ಕಳುಹಿಸಿ ಗಗನಸಖಿಯನ್ನು ದಾದಿಯಾಗಿಸುವುದಾಗಲಿ ಸಲ್ಲದು. ಹಸುಗೂಸು ಅತ್ತರೆ ಅದು ತಪ್ಪಲ್ಲ. ಅಕ್ಕಪಕ್ಕದವರು ಸಹಿಸಬೇಕು, ನಾವೆಲ್ಲ ಅತ್ತು ಬೆಳೆದವರೇ. ತಿಳಿಯುವ ವಯಸ್ಸಿನ ಮಗು ಮುಂದಿನ ಆಸನವನ್ನು ಒದೆದರೆ ಅದು ಹಿರಿಯರ ತಪ್ಪು; ಕೂಡಲೇ ಕ್ಷಮೆ ಬೇಡಬೇಕು, ಅದೂ ಮಗುವಿನ ಎದುರಿನಲ್ಲಿ. ಉಚಿತ ಅಥವಾ ಅರ್ಧ ದರದ ಆಸೆಗಾಗಿ ವಯಸ್ಸನ್ನು ಒಂದು ವರ್ಷ ಇಳಿಸಿ ಹೇಳುವುದಂತೂ, ಪಕ್ಕದಲ್ಲಿ ನಿಂತು ಕೇಳುವ ಮಗುವಿಗೆ ಅಸತ್ಯದ ಮೊದಲ ಪಾಠ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ವಿನಂತಿ. ನಮ್ಮ ಸೀಮೆಯ ಉತ್ಸವಗಳಲ್ಲಿ ಕಲಶದ ಸವಾಲು ಹಿಡಿದವರಿಗೆ ಮುಂದಿನ ಸಾಲು ಮೀಸಲಿಡುವುದು ವಾಡಿಕೆ. ದಾನಿಗಳ ಗೌರವ ಸರಿಯಾದುದೇ. ಆದರೆ ಅವರ ಮಕ್ಕಳು ಕುರ್ಚಿಗಳಲ್ಲಿ ಮೊಬೈಲು ಹಿಡಿದು ಕುಳಿತಿರುವಾಗ, ಸಾಲಿಗ್ರಾಮದಿಂದಲೋ ಪಿರಿಯಾಪಟ್ಟಣದಿಂದಲೋ ಬಸ್ಸು ಹಿಡಿದು ಬಂದ ಮುದುಕಿಯೊಬ್ಬಳು ಕಂಬಕ್ಕೆ ಒರಗಿ ನಿಂತಿರುವುದನ್ನು ನಾನು ಕಂಡಿದ್ದೇನೆ. ಮಕ್ಕಳನ್ನೆಲ್ಲ ಒಟ್ಟಾಗಿ ಮುಂದೆ ಜಮಖಾನದ ಮೇಲೆ ಕೂರಿಸಿದರೆ ಅವರಿಗೆ ಅಭಿಷೇಕವೂ ಚೆನ್ನಾಗಿ ಕಾಣುತ್ತದೆ, ಕುರ್ಚಿಗಳೂ ಹಿರಿಯರಿಗೆ ಉಳಿಯುತ್ತವೆ. ಗೊಮ್ಮಟಗಿರಿಯ ಬಂಡೆಯ ಮೇಲೆ ನಾವು ಚಿಕ್ಕವರಾಗಿದ್ದಾಗ ಎಲ್ಲರೂ ಹೀಗೆಯೇ ಕುಳಿತು ಸ್ವಾಮಿಯ ದರ್ಶನ ಮಾಡುತ್ತಿದ್ದೆವು. ಯಾರ ಮಗ ಯಾರೆಂದು ಬಂಡೆ ಕೇಳುತ್ತಿರಲಿಲ್ಲ.

ಶಿಖರ್ಜಿಯಲ್ಲಿ ಮಧುವನದಿಂದ ನಾವು ಇರುಳಿರುವಾಗಲೇ ಬೆಟ್ಟ ಹತ್ತಿದೆವು. ಹತ್ತುವ, ಟೋಂಕುಗಳನ್ನು ವಂದಿಸುವ, ಇಳಿಯುವ ದಾರಿ ಒಟ್ಟು ಇಪ್ಪತ್ತೇಳು ಕಿಲೋಮೀಟರು. ಪತ್ನಿಗೆ ಮಂಡಿನೋವಿದ್ದುದರಿಂದ ಡೋಲಿ ಹಿಡಿದೆವು. ಮೊಮ್ಮಗ ಡೋಲಿಯ ಪಕ್ಕದಲ್ಲೇ ನಡೆದ. ಬೆಳಕು ಹರಿದಾಗ ಡೋಲಿಯನ್ನು ಹೊತ್ತವರ ಹೆಗಲ ಮೇಲಿನ ಬಟ್ಟೆ ಬೆವರಿನಲ್ಲಿ ನೆನೆದಿರುವುದು ಅವನಿಗೆ ಕಾಣಿಸಿತು. "ಅಜ್ಜಿ, ಇವರಿಗೆ ನೀರು ಕೊಡೋಣವಾ?" ಎಂದು ಕೇಳಿದ. ನಾನು ಯಾವ ಉಪದೇಶವನ್ನೂ ಸೇರಿಸಲಿಲ್ಲ. ಎತ್ತರದ ಆಸನವೊಂದು ಯಾರ ಹೆಗಲ ಮೇಲಿದೆ ಎಂಬುದು ಅವನಿಗೆ ಕಣ್ಣಾರೆ ಕಂಡಿತ್ತು.

ಮರಳುವಾಗಲೂ ಮುಂದಿನ ಎರಡು ಆಸನಗಳಿದ್ದವು. ಮಗನಿಗೆ ಹೇಳಿ ಅವುಗಳಲ್ಲಿ ಅತ್ತೆ ಸೊಸೆಯರನ್ನು ಕೂರಿಸಿದೆ. ಯಾತ್ರೆಯುದ್ದಕ್ಕೂ ಎಲ್ಲರ ಊಟ, ಔಷಧಿ, ಬಟ್ಟೆ ನೋಡಿಕೊಂಡ ಸೊಸೆ ಕಣ್ಣು ಮುಚ್ಚಿದ್ದು ಅಂದೇ ಎಂದು ಪತ್ನಿ ಆಮೇಲೆ ಹೇಳಿದಳು. ಅವಳ ಹೆಸರು ಹೋಗುವಾಗ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೊಮ್ಮಗ ಹಿಂದೆ ತಂದೆಗೂ ನನಗೂ ನಡುವೆ ಕುಳಿತು ಅರ್ಧ ಗಂಟೆ ಮುನಿಸಿಕೊಂಡ. ಅವನು ಅಂದೇ ಪೂರ್ತಿ ತಿದ್ದಿಕೊಂಡನೆಂದು ನಾನು ನಂಬಿಲ್ಲ. ಅವನ ತಂದೆ 1986ರ ಆ ಬಸ್ಸನ್ನು ನೆನಪಿಟ್ಟುಕೊಳ್ಳುವ ವಯಸ್ಸಿನವನಾಗಿರಲಿಲ್ಲ. ಆದ್ದರಿಂದ ಆ ಕಥೆಯನ್ನು ಇಬ್ಬರಿಗೂ ಮೊದಲ ಬಾರಿಗೆ, ನನ್ನ ತಪ್ಪನ್ನೂ ಬಿಡದೆ, ಹೇಳಿದೆ. ಕಥೆ ಮುಗಿಯುವ ಹೊತ್ತಿಗೆ ಹುಡುಗ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಅವನ ತಂದೆ ಮಾತ್ರ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತಿದ್ದ.